ಉಪ್ಪುಗಾಳಿಯ ಊರಿನಲ್ಲಿ ಹಳೆಯ ಕಾರು: ಅಂಗಳದಲ್ಲೇ ಕಲಿಯುವ ಎಂಜಿನಿಯರಿಂಗ್

ಪಡುಬಿದ್ರಿ, ಕಾಪು ಕಡೆಯ ಮನೆಗಳ ಅಂಗಳದಲ್ಲಿ ಇವತ್ತಿಗೂ ಒಂದು ದೃಶ್ಯ ಮಾಮೂಲಿ. ತೆಂಗಿನ ಮರದ ನೆರಳಲ್ಲಿ ಕೆಎ 20 ನಂಬರಿನ ಒಂದು ಮಾರುತಿ 800. ದಿನಾ ಓಡುವುದಿಲ್ಲ. ಆಸ್ಪತ್ರೆಗೆ, ಮದುವೆಗೆ, ಕಾರ್ಕಳದ ನೆಂಟರ ಮನೆಗೆ ಮಾತ್ರ. "ಮಾರಿದರೆ ಗುಜರಿ ರೇಟು, ಇಟ್ಟುಕೊಂಡರೆ ಖರ್ಚು" ಅನ್ನೋ ಚರ್ಚೆ ಮನೆಯಲ್ಲಿ ವರ್ಷಕ್ಕೊಮ್ಮೆ ಆಗಿಯೇ ಆಗುತ್ತದೆ. ಆ ಚರ್ಚೆಯಲ್ಲಿ ಎಂಜಿನಿಯರಿಂಗ್ ಓದುವ ಮಗ ಅಥವಾ ಮಗಳ ಮಾತಿಗೆ ಬೆಲೆ ಬರಬೇಕಾದರೆ ಅಭಿಪ್ರಾಯ ಸಾಲದು, ಅಳತೆ ಬೇಕು. ಈ ಪಾಠ ಅದಕ್ಕಾಗಿ.

ಮೊದಲ ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ಕೊನೆಯದು ಕಾರ್ಖಾನೆಯಿಂದ ಹೊರಬಂದದ್ದು 2014ರ ಜನವರಿಯಲ್ಲಿ. 796 ಸಿಸಿ, ಮೂರು ಸಿಲಿಂಡರ್, ಸುಮಾರು 650 ಕಿಲೋ ತೂಕ. ಬಾನೆಟ್ ಎತ್ತಿದರೆ ಎಲ್ಲಾ ಭಾಗಗಳೂ ಕಣ್ಣಿಗೆ ಕಾಣುತ್ತವೆ, ಕೈಗೂ ಸಿಗುತ್ತವೆ. ಹಾಗಾಗಿ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ನಿಮ್ಮ ಮನೆಯಲ್ಲಿ ಝೆನ್, ಸ್ಯಾಂಟ್ರೋ, ಇಂಡಿಕಾ ಇದ್ದರೂ ತತ್ವ ಒಂದೇ.

ಕೆಲಸದ ಕ್ರಮ ಹೀಗಿರಲಿ: ಮೊದಲು ಕಾರು ನಿಲ್ಲಬೇಕು, ಆಮೇಲೆ ದಾರಿ ಕಾಣಬೇಕು, ಆಮೇಲೆ ಬಾಡಿ ಉಳಿಯಬೇಕು, ಕೊನೆಗೆ ಚಂದ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಅಲಾಯ್ ವೀಲ್, ಮ್ಯೂಸಿಕ್ ಸಿಸ್ಟಮ್ ಮೊದಲು, ಬ್ರೇಕ್ ಆಯಿಲ್ ಯಾವತ್ತಾದರೂ.

1. ನಿಲ್ಲುವುದು: ಬ್ರೇಕ್ ಮತ್ತು ಟೈರ್

ಬ್ರೇಕ್ ಆಯಿಲ್ ಅಂತ ಕರೆಯುವ ದ್ರವ ನಿಜಕ್ಕೂ ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯದ್ದು. ಗಾಳಿಯ ತೇವವನ್ನು ಅದು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155.

ಪಡುಬಿದ್ರಿಯ ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆಗುಂಬೆ ಘಾಟಿ ಇಳಿಯುವಾಗ ಗೊತ್ತಾಗುತ್ತದೆ. ಲೆಕ್ಕ ಮಾಡಿ ನೋಡಿ. ನಾಲ್ಕು ಜನ ಕೂತ ಕಾರು 900 ಕಿಲೋ, ಇಳಿಯುವ ಎತ್ತರ ಸುಮಾರು 500 ಮೀಟರ್ ಅಂತಿಟ್ಟುಕೊಳ್ಳಿ. 900 × 9.8 × 500 ಅಂದರೆ ಸುಮಾರು 44 ಲಕ್ಷ ಜೌಲ್. ಮನೆಯ ಭಾಷೆಯಲ್ಲಿ ಹೇಳುವುದಾದರೆ 15 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ. ನ್ಯೂಟ್ರಲ್‌ನಲ್ಲಿ ಇಳಿದರೆ ಅದರ ಬಹುಪಾಲು ಬ್ರೇಕಿನ ಡಿಸ್ಕು, ಡ್ರಮ್ಮುಗಳ ಮೇಲೆ ಬೀಳುತ್ತದೆ. ದ್ರವದೊಳಗಿನ ನೀರು ಆವಿಯಾಗಿ ಗುಳ್ಳೆ ಬಂತು ಅಂದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ವಿಷಯ ಇಷ್ಟೇ. ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿಯಿರಿ ಅಂತ ಹಿರಿಯರು ಹೇಳುವುದು ಈ ಶಾಖದ ಒಂದು ಪಾಲನ್ನು ಎಂಜಿನ್ನಿಗೆ ಹಂಚಲಿಕ್ಕೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ: ಎಂಜಿನ್ ಆಫ್ ಮಾಡಿ, ಪೆಡಲನ್ನು ನಾಲ್ಕೈದು ಸಲ ಒತ್ತಿ, ಆಮೇಲೆ ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಪೆಡಲ್ ನಿಧಾನಕ್ಕೆ ಕೆಳಗೆ ಜಾರಿದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ. ಆ ಕಾರನ್ನು ಗೇಟಿನಿಂದ ಹೊರಗೆ ತರಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಪೆಡಲ್ ಸರಿ ಇದ್ದರೂ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕು. ಮೊದಲ ಸಲ ಅನುಭವ ಇರುವವರ ಜತೆ ನಿಂತು ಮಾಡಿ.

ಟೈರಿನ ವಿಷಯದಲ್ಲಿ ಹಳೆಯ ಕಾರು ಕಣ್ಣಿಗೆ ಮೋಸ ಮಾಡುತ್ತದೆ. ಓಟ ಕಡಿಮೆ, ಹಾಗಾಗಿ ಗೆರೆ ಆಳವಾಗಿಯೇ ಇರುತ್ತದೆ. ಆದರೆ ರಬ್ಬರಿಗೆ ವಯಸ್ಸಾಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಅಥವಾ ಬದಿಯಲ್ಲಿ ಸಣ್ಣ ಬಿರುಕು ಕಂಡರೆ ಬದಲಿಸುವ ಯೋಚನೆ ಮಾಡಿ. ಗೆರೆಯ ಆಳ ಕಾನೂನಿನ ಪ್ರಕಾರ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಸ್ಟೆಪ್ನಿಯನ್ನು ಮರೆಯಬೇಡಿ, ಅದೇ ಎಲ್ಲಕ್ಕಿಂತ ಹಳೆಯದಾಗಿರುತ್ತದೆ.

2. ಕಾಣುವುದು: ಮಂದ ಹೆಡ್‌ಲೈಟಿನ ಓಮ್ಸ್ ನಿಯಮ

"ಲೈಟು ಮಂದ, ದೊಡ್ಡ ಬಲ್ಬ್ ಹಾಕಿಸೋಣ" ಅನ್ನುವ ಮಾತು ಎಲ್ಲಾ ಮನೆಯಲ್ಲೂ ಕೇಳುತ್ತದೆ. ತಡೆಯಿರಿ. ಮೊದಲು ಮಲ್ಟಿಮೀಟರ್ ತನ್ನಿ.

ಎಂಜಿನ್ ಚಾಲೂ ಮಾಡಿ ಡಿಮ್ ಲೈಟ್ ಹಾಕಿ. ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿನ ಪ್ಲಸ್‌ವರೆಗೆ ಎಷ್ಟು ವೋಲ್ಟ್ ಬಿದ್ದಿದೆ ನೋಡಿ. ಆಮೇಲೆ ಬಲ್ಬಿನ ಅರ್ಥ್‌ನಿಂದ ಬ್ಯಾಟರಿಯ ಮೈನಸ್‌ವರೆಗೆ. ಎರಡೂ ಸೇರಿ ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆ ಇಲ್ಲ. ಹಳೆಯ ಕಾರಿನಲ್ಲಿ ಒಂದೂವರೆ ವೋಲ್ಟ್ ಬಿದ್ದಿದ್ದರೆ ಆಶ್ಚರ್ಯ ಪಡಬೇಡಿ.

ಒಂದೂವರೆ ವೋಲ್ಟ್ ದೊಡ್ಡದಾ? ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 13.5 ವೋಲ್ಟಿನ ಬದಲು 12 ಸಿಕ್ಕಿದರೆ, 12 ಭಾಗಿಸು 13.5 ಅಂದರೆ 0.89, ಅದರ 3.4ನೇ ಘಾತ 0.67. ಮೂರರಲ್ಲಿ ಒಂದು ಪಾಲು ಬೆಳಕು ವೈರಿನಲ್ಲೇ ಹೋಯಿತು! 55 ವಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್ ಹರಿಯುವಾಗ 1.5 × 9, ಅಂದರೆ 13 ವಾಟಿಗೂ ಹೆಚ್ಚು ಶಾಖ ಸ್ವಿಚ್ಚು, ಜಾಯಿಂಟುಗಳಲ್ಲಿ ಉರಿಯುತ್ತಿದೆ. ಇಂಥ ವೈರಿಂಗ್‌ಗೆ 100 ವಾಟಿನ ಬಲ್ಬ್ ಹಾಕಿದರೆ ಕರೆಂಟ್ ಇನ್ನೂ ಹೆಚ್ಚುತ್ತದೆ, ನಷ್ಟವೂ ಹೆಚ್ಚುತ್ತದೆ, ಸ್ವಿಚ್ ಕರಗುತ್ತದೆ.

ಪರಿಹಾರ ಎರಡು ಹಂತದ್ದು. ಮೊದಲು ಅರ್ಥ್ ಬಿಂದುಗಳನ್ನು ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಕರಾವಳಿಯಲ್ಲಿ ಅರ್ಧ ರೋಗ ಇಲ್ಲೇ ಇರುತ್ತದೆ. ಮತ್ತೆ ಅಳೆಯಿರಿ. ಸಾಲದಿದ್ದರೆ ರಿಲೇ ಹಾಕಿ. ಹಳೆಯ ಸ್ವಿಚ್ ರಿಲೇಯ ಕಾಯಿಲನ್ನು ಮಾತ್ರ ನಡೆಸಲಿ, ದೊಡ್ಡ ಕರೆಂಟ್ ಬ್ಯಾಟರಿಯಿಂದ ನೇರ ಬಲ್ಬಿಗೆ ಹೋಗಲಿ. 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಮೀಟರಿಗೆ ಸುಮಾರು 0.007 ಓಮ್. ಎರಡು ಮೀಟರಿನಲ್ಲಿ 9 ಆಂಪಿಯರಿಗೆ ಬೀಳುವುದು 0.13 ವೋಲ್ಟ್ ಅಷ್ಟೇ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರಿನ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದ ವೈರ್ ಬೆಂಕಿಗೆ ಆಹ್ವಾನ.

ಹ್ಯಾಲೊಜನ್ ರಿಫ್ಲೆಕ್ಟರಿಗೆ ಅಗ್ಗದ ಎಲ್‌ಇಡಿ ಬಲ್ಬ್ ತುರುಕುವುದೂ ಬೇಡ. ರಿಫ್ಲೆಕ್ಟರಿನ ಆಕಾರ ಫಿಲಮೆಂಟ್ ಕೂತ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬೆಳಕು ಹುಟ್ಟುವ ಜಾಗ ಬದಲಾದರೆ ಕಿರಣ ಚದುರುತ್ತದೆ. ಹೆದ್ದಾರಿ 66ರಲ್ಲಿ ಮಳೆಯ ರಾತ್ರಿ ಎದುರಿನಿಂದ ಬರುವ ಬೈಕ್ ಸವಾರನಿಗೆ ಅದು ಏನು ಮಾಡುತ್ತದೆ ಅಂತ ನಾವೆಲ್ಲ ಅನುಭವಿಸಿದವರೇ.

3. ಉಳಿಯುವುದು: ತುಕ್ಕಿನ ಕೆಮಿಸ್ಟ್ರಿ

ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಓದಿದ್ದು ನೆನಪಿದೆಯಾ? ಒಂದು ಕಡೆ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಇನ್ನೊಂದು ಕಡೆ ನೀರು ಮತ್ತು ಆಮ್ಲಜನಕ ಅದನ್ನು ತೆಗೆದುಕೊಳ್ಳುತ್ತವೆ. ನಡುವೆ ನೀರಿನ ಪದರ ವೈರಿನ ಕೆಲಸ ಮಾಡುತ್ತದೆ. ಉಪ್ಪು ಸೇರಿದರೆ ಆ ವೈರ್ ಚೆನ್ನಾಗಿ ಕರೆಂಟ್ ಹರಿಸುತ್ತದೆ.

ಕಡಲತೀರದಲ್ಲಿ ಇನ್ನೊಂದು ತೊಂದರೆ ಇದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವುದು ಇದೇ ಕಾರಣಕ್ಕೆ. ಕಾರಿನ ಅಡಿಯಲ್ಲಿ ಕೂತ ಉಪ್ಪಿಗೂ ಅದೇ ಗತಿ. ಮಳೆ ಬರದ ದಿನವೂ, ಶೆಡ್ಡಿನ ಒಳಗಿದ್ದರೂ, ಅಡಿಭಾಗ ಒದ್ದೆಯೇ. ಕಾರನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಿಗಿಯಾಗಿ ಮುಚ್ಚಿದರೆ ಆ ತೇವ ಒಳಗೇ ಸಿಕ್ಕಿಬೀಳುತ್ತದೆ. ಗಾಳಿ ಆಡುವ ಮಾಡಿನ ಕೆಳಗೆ ನಿಲ್ಲಿಸುವುದು ಮೇಲು.

ಏನು ಮಾಡಬೇಕು?

ಮೊದಲನೆಯದು ತೊಳೆಯುವುದು. ಬೀಚಿಗೆ ಹೋಗಿ ಬಂದ ಮೇಲೆ ಮೇಲ್ಭಾಗವನ್ನು ಹೊಳಪು ಮಾಡುವ ಬದಲು, ಪೈಪಿನಲ್ಲಿ ಅಡಿಭಾಗಕ್ಕೆ, ಚಕ್ರದ ಕಮಾನುಗಳಿಗೆ ಸಿಹಿನೀರು ಬಿಡಿ.

ಎರಡನೆಯದು ಪುಕ್ಕಟೆ ಕೆಲಸ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಧೂಳು, ಎಲೆ ತುಂಬಿ ಅವು ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಸಾಕು. ಜೂನ್ ಬರುವ ಮೊದಲು ಎಲ್ಲಾ ತೂತು ಬಿಡಿಸಿ.

ಮೂರನೆಯದು ತೇಪೆ. ಪೇಂಟ್ ಉಬ್ಬಿದ್ದರೆ ಅದರಡಿ ತುಕ್ಕು ಬೆಳೆದಿದೆ ಅಂತಲೇ ಅರ್ಥ, ಯಾಕೆಂದರೆ ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಉಳಿದ ಕಲೆಗೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಒಣಗಿದ ಮೇಲೆ ಪ್ರೈಮರ್, ಆಮೇಲೆ ಪೇಂಟ್. ಈ ಕೆಲಸ ಮಾರ್ಚ್, ಏಪ್ರಿಲಿನಲ್ಲೇ ಮುಗಿಯಲಿ.

ಮಲ್ಪೆಯಲ್ಲಿ ದೋಣಿಗೆ ಹಾಕುವ ಫೈಬರ್ ಮ್ಯಾಟನ್ನೇ ಕಾರಿನ ತೂತಿಗೂ ಅಂಟಿಸುವವರಿದ್ದಾರೆ. ದೋಣಿಯಲ್ಲಿ ಫೈಬರೇ ಒಡಲು. ಕಾರಿನಲ್ಲಿ ಅದು ತುಕ್ಕಿನ ಮೇಲಿನ ಮುಚ್ಚಳ, ಒಳಗೆ ತುಕ್ಕು ಮುಂದುವರಿಯುತ್ತದೆ. ಸಣ್ಣ ತಗಡಿಗೆ ಹೇಗೋ ನಡೆದೀತು. ಆದರೆ ಸಸ್ಪೆನ್ಷನ್ ಕೂತ ಜಾಗ, ಸೀಟ್ ಬೆಲ್ಟ್ ಬಿಗಿದ ಜಾಗ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತೊಲೆ ಇವೆಲ್ಲ ಭಾರ ಹೊರುವ ಭಾಗಗಳು. ಸ್ಕ್ರೂಡ್ರೈವರಿನಿಂದ ಒತ್ತಿದಾಗ ಅಲ್ಲಿ ಒಳಗೆ ಹೋದರೆ ವೆಲ್ಡಿಂಗ್ ಬಲ್ಲವರ ಕೆಲಸ, ನಮ್ಮದಲ್ಲ.

ತುಕ್ಕು ಹಿಡಿಯಬಾರದು ಅಂತ ಸುಟ್ಟ ಎಂಜಿನ್ ಆಯಿಲನ್ನು ಅಡಿಗೆ ಬಳಿಯುವ ರೂಢಿಯೂ ಇದೆ. ಅದು ರಬ್ಬರ್ ಬುಷ್‌ಗಳನ್ನು ಮೆತ್ತಗೆ ಮಾಡುತ್ತದೆ, ತೊಟ್ಟಿಕ್ಕಿ ಮಣ್ಣಿಗೆ ಇಳಿಯುತ್ತದೆ. ನಮ್ಮ ಕೆಂಪುಕಲ್ಲಿನ ನೆಲ ಜರಡಿಯ ಹಾಗೆ, ಬಾವಿ ಹತ್ತು ಹೆಜ್ಜೆ ದೂರದಲ್ಲಿ. ಹಳೆಯ ಆಯಿಲನ್ನು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

4. ಕೂಲಂಟ್ ಮತ್ತು ಪೆಟ್ರೋಲ್ ಪೈಪ್

ರೇಡಿಯೇಟರಿನ ಮುಚ್ಚಳ ಕುಕ್ಕರಿನ ವೈಟ್ ಇದ್ದ ಹಾಗೆ. 0.9 ಬಾರ್ ಒತ್ತಡ ಹಿಡಿದರೆ ನೀರು ಕುದಿಯುವುದು 118 ಡಿಗ್ರಿಯ ಹತ್ತಿರ. ಮುಚ್ಚಳದ ರಬ್ಬರ್ ಹೋದರೆ 100ಕ್ಕೇ ಕುದಿಯುತ್ತದೆ. ಎಂಜಿನ್ ಬಿಸಿಯಾದರೆ ಮೊದಲು ಈ ಸಣ್ಣ ಭಾಗವನ್ನು ಅನುಮಾನಿಸಿ, ಆದರೆ ಬಿಸಿ ಇದ್ದಾಗ ತೆರೆಯಲೇಬೇಡಿ. ಕಡಲ ಬದಿಯ ಬಾವಿ ನೀರಿನಲ್ಲಿ ಉಪ್ಪಿನಂಶ ಇರಬಹುದು, ರೇಡಿಯೇಟರಿಗೆ ಕೂಲಂಟನ್ನೇ ಹಾಕಿ.

ಇನ್ನು 20 ಶೇಕಡಾ ಎಥೆನಾಲ್ ಇರುವ ಪೆಟ್ರೋಲ್. ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ, ಎಥೆನಾಲಿನಲ್ಲಿ 21. ಮಿಶ್ರಣದಲ್ಲಿ ಏಳು ಶೇಕಡಾದಷ್ಟು ಶಕ್ತಿ ಕಡಿಮೆ. ಅದಕ್ಕಿಂತ ಮುಖ್ಯ, ಹಳೆಯ ರಬ್ಬರ್ ಪೈಪುಗಳು ಎಥೆನಾಲಿಗಾಗಿ ಮಾಡಿದವಲ್ಲ. ಪೈಪ್ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಎಥೆನಾಲ್ ತಾಳುವ ಫ್ಲೋರೋ ರಬ್ಬರಿನ ಪೈಪ್ ಮತ್ತು ಹೊಸ ಕ್ಲ್ಯಾಂಪ್ ಹಾಕಿಸಿ. ಹಳೆಯ ಕಾರಿಗೆ ಈ ಕಾಲದಲ್ಲಿ ಬೇಕಾದ ನಿಜವಾದ ಅಪ್‌ಗ್ರೇಡ್ ಇದು.

5. ಅಂಗಳದ ನಿಯಮ, ಆರ್‌ಟಿಒ ನಿಯಮ

ಬರೀ ಜಾಕ್ ನಂಬಿ ಕಾರಿನಡಿಗೆ ತಲೆ ಹಾಕಬೇಡಿ. ಮಳೆ ಬಿದ್ದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಬೇಕು. ಅಂಗಳದಲ್ಲಿ ಬಿದ್ದಿರುವ ಕೆಂಪುಕಲ್ಲನ್ನು ಆಧಾರಕ್ಕೆ ಇಡುವುದು ನಮ್ಮೂರಿನ ವಿಶೇಷ ಅಪಾಯ. ಗೋಡೆಯಲ್ಲಿ ಭಾರ ಹರಡಿ ಬೀಳುವುದರಿಂದ ಅದು ತಾಳುತ್ತದೆ, ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಪುಡಿಯಾಗುತ್ತದೆ. ಉಕ್ಕಿನ ಸ್ಟ್ಯಾಂಡ್ ಬಾಡಿಗೆಗಾದರೂ ತನ್ನಿ.

ಕಾನೂನಿನ ಪ್ರಕಾರ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ತಪಾಸಣೆ ಆಗಿ ಐದೈದು ವರ್ಷಕ್ಕೆ ನವೀಕರಣ. ಇಲ್ಲಿ 15 ವರ್ಷ ಆಯಿತು ಅನ್ನುವ ಒಂದೇ ಕಾರಣಕ್ಕೆ ಕಾರು ಗುಜರಿಗೆ ಹೋಗುವುದಿಲ್ಲ. ಆದರೆ ಶುಲ್ಕ ಏರಿದೆ. 2022ರ ಏಪ್ರಿಲಿನಿಂದ 5,000 ರೂಪಾಯಿ, 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರಿಗೆ 10,000. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ರಿಪೇರಿ ಬೇರೆ, ರೂಪಾಂತರ ಬೇರೆ.

ಹಾಗಾದರೆ ಇಟ್ಟುಕೊಳ್ಳುವುದಾ, ಕೊಡುವುದಾ? ನಮ್ಮ ಅಳತೆಗೋಲು ಇದು. ಎಂಜಿನ್, ಬ್ರೇಕ್, ವೈರಿಂಗ್ ಹೋಗಿದ್ದರೆ ಬದಲಿಸಬಹುದು. ಭಾರ ಹೊರುವ ಬಾಡಿ ಹಲವು ಕಡೆ ತಿಂದುಹೋಗಿದ್ದರೆ ಬಿಟ್ಟುಬಿಡಿ, ಹೊಸ ಪೇಂಟ್ ಅದನ್ನು ಮುಚ್ಚುತ್ತದೆ ಹೊರತು ಗುಣ ಮಾಡುವುದಿಲ್ಲ. ಇನ್ನೂ ಒಂದು ಮಾತು. ಬಾಡಿ ಗಟ್ಟಿ ಇದ್ದರೂ ಇದು ಏರ್‌ಬ್ಯಾಗ್ ಇಲ್ಲದ ಕಾಲದ ಕಾರು. ಊರೊಳಗಿನ ಓಡಾಟಕ್ಕೆ ಸರಿ, ಹೆದ್ದಾರಿಯ ವೇಗಕ್ಕೆ ಅಲ್ಲ ಅಂತ ಮನೆಯವರಿಗೆ ಹೇಳುವ ಜವಾಬ್ದಾರಿ ಓದಿದ ನಮ್ಮದು.

ಮುಂದಿನ ಸಲ ಊರಿಗೆ ಹೋದಾಗ ಒಂದು ನೋಟ್‌ಬುಕ್, ಮಲ್ಟಿಮೀಟರ್, ಟಾರ್ಚ್ ಹಿಡಿದು ಎರಡು ಗಂಟೆ ಕಾರಿನ ಸುತ್ತ ಕೂತುಕೊಳ್ಳಿ. ಪೆಡಲ್ ಪರೀಕ್ಷೆ, ಟೈರಿನ ವಾರ ಮತ್ತು ವರ್ಷ, ವೋಲ್ಟೇಜ್ ನಷ್ಟ, ತುಕ್ಕಿನ ಜಾಗಗಳು, ಪೈಪುಗಳ ಸ್ಥಿತಿ, ಐದನ್ನೂ ದಿನಾಂಕ ಹಾಕಿ ಬರೆಯಿರಿ. ಆ ಪುಟ ಕೈಯಲ್ಲಿದ್ದರೆ ಮೆಕ್ಯಾನಿಕ್ ಜತೆ ಮಾತಾಡುವುದೂ ಸುಲಭ, ಅಪ್ಪನ ಜತೆ ಮಾತಾಡುವುದೂ ಸುಲಭ.