ವೃದ್ಧರ ಸಾವಿನ ಲೆಕ್ಕ ಕಲಿಸುವ ಪಾಠ

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮಲ್ಲಿಯಂತೆ ಸಣ್ಣ ಆಸ್ಪತ್ರೆಯಲ್ಲ. ಆರೈಕೆ ಬೇಕಾದ ವೃದ್ಧರು ನೆಲೆಸುವ ತಾಣ. 2020ರಲ್ಲಿ ಕೊರೋನಾ ಅಲ್ಲಿ ಬೇಗ ಹರಡಿತು. ಇಬ್ಬರು ಮೂವರಿಗೆ ಒಂದೇ ಕೋಣೆ, ಸಕ್ಕರೆ ಕಾಯಿಲೆ, ಹೃದ್ರೋಗಗಳಿಂದ ಬಳಲಿದ ದೇಹ, ಎಲ್ಲರ ಬಳಿಗೂ ಹೋಗುವ ಅದೇ ಸಿಬ್ಬಂದಿ ಇದಕ್ಕೆ ಕಾರಣ.

ಆಸ್ಪತ್ರೆಗೆ ಸಾಗಿಸಿದ ಮೇಲೆ ಮೃತಪಟ್ಟ ನಿವಾಸಿಗಳನ್ನು ನ್ಯೂಯಾರ್ಕ್ ರಾಜ್ಯವು ನರ್ಸಿಂಗ್ ಹೋಮ್ ಲೆಕ್ಕಕ್ಕೆ ಸೇರಿಸಿರಲಿಲ್ಲ. 2021ರ ಜನವರಿಯಲ್ಲಿ ಅಲ್ಲಿನ ಅಟಾರ್ನಿ ಜನರಲ್ ವರದಿ ಇದನ್ನು ಎತ್ತಿ ತೋರಿಸಿತು. ಮೃತರು ಎಲ್ಲಿ ವಾಸವಿದ್ದರು ಎಂಬುದನ್ನೂ ದಾಖಲಿಸಿದರೆ ಮಾತ್ರ ಅಪಾಯದ ಜಾಗ ತಿಳಿಯುತ್ತದೆ.

ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಕಾಣದಿರಬಹುದು. ಹಠಾತ್ ಗೊಂದಲ, ಊಟ ಬೇಡವೆನ್ನುವುದು, ವಿಪರೀತ ಸುಸ್ತು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಆರೈಕೆಗೆ ಮುನ್ನ ಸೋಪಿನಿಂದ ಕೈ ತೊಳೆಯಿರಿ. ನಿಮಗೆ ಕೆಮ್ಮು, ಶೀತವಿದ್ದರೆ ಅವರಿಂದ ದೂರವಿರಿ.