ಮನೆಯಲ್ಲೊಂದು ಪುಟ್ಟ ರೈಲುಮಾರ್ಗ: ನಿರ್ಮಾಣವೂ ಆರೋಗ್ಯರಕ್ಷಣೆಯೂ

ಬಿಡುವಿನ ವೇಳೆಯ ಹವ್ಯಾಸಗಳಲ್ಲಿ ಮಾದರಿ ರೈಲುಮಾರ್ಗದ ನಿರ್ಮಾಣಕ್ಕೆ ಒಂದು ವಿಶೇಷ ಸ್ಥಾನವಿದೆ. ಬಡಗಿಯ ಕೆಲಸ, ವಿದ್ಯುತ್ತಿನ ತಿಳಿವಳಿಕೆ, ಲೆಕ್ಕಾಚಾರ, ಚಿತ್ರಕಲೆ ಇವೆಲ್ಲವೂ ಒಂದೇ ಹಲಗೆಯ ಮೇಲೆ ಕೂಡುವುದು ಇದರಲ್ಲಿ ಮಾತ್ರ. ಪುಣೆಯ ನಿವಾಸಿಗಳಾದ ನಮಗೆ ಇದರ ಉತ್ತಮ ನಿದರ್ಶನವೊಂದು ಊರಿನಲ್ಲಿಯೇ ಇದೆ. ಭಾವುಸಾಹೇಬ ಜೋಶಿಯವರು ತಮ್ಮ ಜೀವಮಾನದ ಹವ್ಯಾಸವನ್ನೇ ಕೋಥರೂಡಿನಲ್ಲಿ ಕಿರು ರೈಲುಗಳ ವಸ್ತುಸಂಗ್ರಹಾಲಯವಾಗಿ ರೂಪಿಸಿದರು. ಅದು 1998ರ ಏಪ್ರಿಲ್ 1ರಂದು ಸಾರ್ವಜನಿಕರಿಗೆ ತೆರೆಯಿತು. ಅದನ್ನು ನೋಡಿ ಬಂದ ಮಕ್ಕಳು ಮನೆಯಲ್ಲಿಯೂ ಅಂಥದೊಂದು ಬೇಕೆಂದು ಹಟ ಹಿಡಿಯುವುದು ಸಹಜ. ಎರಡು ಕೋಣೆಗಳ ಮನೆಯಲ್ಲಿ ಅದು ಸಾಧ್ಯವೇ? ಪ್ರಮಾಣವನ್ನು ಅರಿತು ಹೊರಟರೆ ಖಂಡಿತ ಸಾಧ್ಯ.

ಪ್ರಮಾಣದ ಲೆಕ್ಕ

ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳು ಎರಡು. ಮೊದಲನೆಯದಾದ ಎಚ್‌.ಓ. ಪ್ರಮಾಣದಲ್ಲಿ ನಿಜವಾದ ವಸ್ತುವಿನ 87 ಅಂಗುಲ ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಎರಡನೆಯದಾದ ಎನ್ ಪ್ರಮಾಣದಲ್ಲಿ 160 ಅಂಗುಲಕ್ಕೆ ಒಂದು ಅಂಗುಲ. ಹಳಿಗಳ ಅಂತರ 9 ಮಿಲಿಮೀಟರ್. ನಮ್ಮ ರೈಲ್ವೆಯ ಹಳೆಯ ಮಾದರಿಯ ಬೋಗಿಯ ಉದ್ದ ಸುಮಾರು 21.3 ಮೀಟರ್. ಅದು ಎಚ್‌.ಓ. ಪ್ರಮಾಣದಲ್ಲಿ ಸುಮಾರು 24.5 ಸೆಂಟಿಮೀಟರ್, ಎನ್ ಪ್ರಮಾಣದಲ್ಲಿ ಸುಮಾರು 13.3 ಸೆಂಟಿಮೀಟರ್ ಆಗುತ್ತದೆ. ಹನ್ನೆರಡು ಬೋಗಿಗಳ ಗಾಡಿಯನ್ನು ಎಚ್‌.ಓ.ದಲ್ಲಿ ಮಾಡಿದರೆ ಬೋಗಿಗಳೇ ಸುಮಾರು ಮೂರು ಮೀಟರ್ ಸ್ಥಳವನ್ನು ಆಕ್ರಮಿಸುತ್ತವೆ. ಆದುದರಿಂದ ಮನೆಯ ರೈಲಿಗೆ ಮೂರು ಅಥವಾ ನಾಲ್ಕು ಬೋಗಿಗಳು ಸಾಕು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. 16.5 ಮಿಲಿಮೀಟರ್ ಎಂಬುದು ಯುರೋಪಿನ 1435 ಮಿಲಿಮೀಟರ್ ಹಳಿಯ 87ನೆಯ ಒಂದು ಭಾಗ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್; ಲೆಕ್ಕದ ಪ್ರಕಾರ ಅದಕ್ಕೆ 19.3 ಮಿಲಿಮೀಟರ್ ಬೇಕು. ಹೀಗಾಗಿ ಪೇಟೆಯಲ್ಲಿ ದೊರೆಯುವ ಹಳಿಯ ಮೇಲೆ ಭಾರತೀಯ ಗಾಡಿ ಸ್ವಲ್ಪ ಕಿರಿದಾದ ಹಳಿಯ ಮೇಲೆ ನಿಂತಂತೆ ಕಾಣುವುದು. ಹವ್ಯಾಸಿಗಳು ಇದನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ. ಹುಬ್ಬಳ್ಳಿ, ಬೆಳಗಾವಿಗಳಿಂದ ಮೀಟರ್ ಗೇಜ್ ಗಾಡಿಯಲ್ಲಿ ಪುಣೆಗೆ ಬಂದ ಹಿರಿಯರು ಆ ಮಾರ್ಗವನ್ನೇ ಮಾಡಬಯಸಿದರೆ 12 ಮಿಲಿಮೀಟರಿನ ಹಳಿ ಸರಿಹೊಂದುತ್ತದೆ.

ಹಲಗೆ ಮತ್ತು ಮಾರ್ಗ

ಎಚ್‌.ಓ. ಪ್ರಮಾಣದ ಒಂದು ಅಂಡಾಕಾರದ ಮಾರ್ಗಕ್ಕೆ 6 ಅಡಿ ಉದ್ದ, 4 ಅಡಿ ಅಗಲದ ಹಲಗೆ ಬೇಕು. ತಿರುವಿನ ತ್ರಿಜ್ಯ ಸುಮಾರು 44 ಸೆಂಟಿಮೀಟರ್ ಇರಲಿ. ಎನ್ ಪ್ರಮಾಣದಲ್ಲಿ 4 ಅಡಿ ಉದ್ದ, 2 ಅಡಿ ಅಗಲದ ಹಲಗೆಯಲ್ಲಿಯೇ ಸುಮಾರು 23 ಸೆಂಟಿಮೀಟರ್ ತ್ರಿಜ್ಯದ ತಿರುವುಗಳನ್ನು ಕೂಡಿಸಬಹುದು. ಫ್ಲ್ಯಾಟಿನಲ್ಲಿ ವಾಸಿಸುವವರಿಗೆ ಇದೇ ಅನುಕೂಲ. ಕೆಲಸ ಮುಗಿದ ಮೇಲೆ ಹಲಗೆಯನ್ನು ಗೋಡೆಗೆ ಒರಗಿಸಿಡಬಹುದು. ಭವಾನಿ ಪೇಟೆಯ ಟಿಂಬರ್ ಮಾರುಕಟ್ಟೆಯಲ್ಲಿ ಪ್ಲೈವುಡ್ಡನ್ನೂ, ಬುಧವಾರ ಪೇಟೆಯಲ್ಲಿ ತಂತಿ, ಸ್ವಿಚ್ಚುಗಳನ್ನೂ ಕೊಳ್ಳಬಹುದು. ಪುಣೆಯ ಮಳೆಗಾಲದ ತೇವದಿಂದ ಪ್ಲೈವುಡ್ ಬಾಗುವುದುಂಟು. ಆದಕಾರಣ ಕೆಳಗೆ ಮರದ ಚೌಕಟ್ಟನ್ನು ಕೂಡಿಸಿ, ಎರಡೂ ಮುಖಗಳಿಗೆ ಬಣ್ಣ ಬಳಿಯಬೇಕು.

ಘಟ್ಟವನ್ನೇರುವ ಗಾಡಿಯ ಆಸೆ ನಮ್ಮಲ್ಲಿ ಎಲ್ಲರಿಗೂ ಇರುವುದು. ಏಕೆಂದರೆ ಮುಂಬಯಿಗೆ ಹೋಗುವಾಗ ಬೋರ್ ಘಟ್ಟವನ್ನು ನೋಡಿರುತ್ತೇವೆ. 1863ರಲ್ಲಿ ಸಂಚಾರಕ್ಕೆ ತೆರೆದ ಆ ಘಟ್ಟಮಾರ್ಗದಲ್ಲಿ ಏರು 37ಕ್ಕೆ 1 ಇದೆ. ಏರುವ ಗಾಡಿಗಳಿಗೆ ಹಿಂದಿನಿಂದ ನೂಕುವ ಇಂಜಿನ್ನುಗಳನ್ನು ಜೋಡಿಸುತ್ತಾರೆ. ಎಚ್‌.ಓ. ಪ್ರಮಾಣದಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಹಾಯಲು ಸುಮಾರು 7.5 ಸೆಂಟಿಮೀಟರ್ ಎತ್ತರ ಬೇಕು. 37ಕ್ಕೆ 1ರಂತೆ ಏರಿದರೂ ಇದಕ್ಕೆ ಸುಮಾರು 2.8 ಮೀಟರ್ ಉದ್ದದ ಹಳಿ ಬೇಕಾಗುತ್ತದೆ. ಇಳಿಯುವುದಕ್ಕೆ ಮತ್ತೆ ಅಷ್ಟೇ. ಆದುದರಿಂದ ಮೊದಲ ಮಾರ್ಗವನ್ನು ಸಮತಟ್ಟಾಗಿಯೇ ಹಾಸಿ, ಬೆಟ್ಟವನ್ನು ಹಳಿಯ ಹಿಂದೆ ನಿಲ್ಲಿಸುವುದು ಲೇಸು.

ವಿದ್ಯುತ್ತಿನ ವ್ಯವಸ್ಥೆ

ಸಾಮಾನ್ಯವಾಗಿ ಈ ರೈಲುಗಳು 12 ವೋಲ್ಟಿನ ಡಿ.ಸಿ. ವಿದ್ಯುತ್ತಿನಿಂದ ಓಡುತ್ತವೆ. ಒಂದು ಹಳಿ ಧನ, ಇನ್ನೊಂದು ಋಣ. ವಿದ್ಯುತ್ತು ಚಕ್ರಗಳ ಮೂಲಕ ಇಂಜಿನ್ನಿನ ಮೋಟಾರನ್ನು ಮುಟ್ಟುತ್ತದೆ. ವೋಲ್ಟೇಜನ್ನು ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ. ಧನ ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಚಲಿಸುತ್ತದೆ. ಗಾಡಿಯು ಬಳಸಿ ಸುತ್ತಿ ತಾನು ಬಂದ ಹಳಿಗೇ ಎದುರುಮುಖವಾಗಿ ಹಿಂದಿರುಗುವಂತೆ ಮಾರ್ಗವನ್ನು ಹಾಸಿದರೆ ಧನ ಋಣಗಳು ಒಂದನ್ನೊಂದು ಕೂಡಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಹೊಸಬರು ಅಂಥ ಬಳಸನ್ನು ಬಿಡಬೇಕು. ಹಳಿಯ ಜೋಡಣೆಗಳಲ್ಲಿ ವಿದ್ಯುತ್ತು ಕ್ಷೀಣಿಸುವುದರಿಂದ ಒಂದೇ ಕಡೆಗೆ ಬದಲು ಮೂರು ನಾಲ್ಕು ಕಡೆ ತಂತಿ ಜೋಡಿಸಬೇಕು.

ಗಾಡಿಯ ವೇಗಕ್ಕೂ ಪ್ರಮಾಣವುಂಟು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಎಚ್‌.ಓ. ಪ್ರಮಾಣದಲ್ಲಿ ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್ ಚಲಿಸಬೇಕು. ಅಂದರೆ ಒಂದು ಮೀಟರ್ ಕ್ರಮಿಸಲು ಐದು ಸೆಕೆಂಡುಗಳಿಗೂ ಸ್ವಲ್ಪ ಹೆಚ್ಚು ಕಾಲ. ಗಡಿಯಾರ ಹಿಡಿದು ಇದನ್ನು ಅಳೆಯುವುದು ಮಕ್ಕಳಿಗೆ ಒಳ್ಳೆಯ ಗಣಿತಪಾಠ.

ಆರೋಗ್ಯದ ಎಚ್ಚರಿಕೆಗಳು

ರೈಲಿನ 12 ವೋಲ್ಟಿಗೆ ಹೆದರಬೇಕಾಗಿಲ್ಲ. ಅಪಾಯವಿರುವುದು ಗೋಡೆಯ 230 ವೋಲ್ಟಿನಲ್ಲಿ ಹಾಗೂ ಬೆಸುಗೆಯ ಕೆಲಸದಲ್ಲಿ. ಟ್ರಾನ್ಸ್‌ಫಾರ್ಮರನ್ನು ಮನೆಯಲ್ಲಿ ತಯಾರಿಸದೆ ಮುಚ್ಚಿದ ಪೆಟ್ಟಿಗೆಯಲ್ಲಿರುವ ಪ್ರಮಾಣಿತ ಸಾಧನವನ್ನೇ ಕೊಳ್ಳಬೇಕು. ಎ.ಸಿ. ಕೊಡುವ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಒಂದೇ ಹಳಿಗೆ ಎಂದಿಗೂ ಜೋಡಿಸಕೂಡದು. ಒಂದನ್ನು ಗೋಡೆಯಿಂದ ಕಿತ್ತರೂ ಇನ್ನೊಂದರ ವಿದ್ಯುತ್ತು ಹಿಮ್ಮುಖವಾಗಿ ಹರಿದು, ಕೈಯಲ್ಲಿ ಹಿಡಿದ ಪ್ಲಗ್ಗಿನ ಕಡ್ಡಿಗಳಲ್ಲಿ ಪ್ರಾಣಾಂತಕ ವೋಲ್ಟೇಜ್ ಉಂಟಾಗಬಲ್ಲದು. ಮನೆಯ ಫಲಕದಲ್ಲಿ 30 ಮಿಲಿಆಂಪಿಯರಿನ ರಕ್ಷಕ ಸ್ವಿಚ್ ಇರುವುದು ಕ್ಷೇಮ.

ಸಾಮಾನ್ಯ ಬೆಸುಗೆ ತಂತಿಯಲ್ಲಿ 60 ಭಾಗ ತವರ, 40 ಭಾಗ ಸೀಸ ಇರುತ್ತವೆ. ಬೆಸುಗೆಯ ಶಾಖಕ್ಕೆ ಸೀಸ ಹೆಚ್ಚಾಗಿ ಆವಿಯಾಗದು. ಆದರೆ ಕೈಗೆ ಅಂಟಿ, ಊಟದೊಡನೆ ಹೊಟ್ಟೆ ಸೇರುತ್ತದೆ. ಮಕ್ಕಳ ರಕ್ತದಲ್ಲಿ ಸೀಸದ ಯಾವ ಮಟ್ಟವೂ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಅದು ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಆದುದರಿಂದ ಊಟದ ಮೇಜಿನ ಮೇಲೆ ಬೆಸುಗೆ ಸಲ್ಲದು. ಕೆಲಸದ ನಂತರ ಸಾಬೂನಿನಿಂದ ಕೈ ತೊಳೆದು, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳಿರುವ ಮನೆಯಲ್ಲಿ ಸೀಸರಹಿತ ತಂತಿಯೇ ಉತ್ತಮ. ಬೆಸುಗೆಯಿಂದೇಳುವ ಬಿಳಿಯ ಹೊಗೆ ಸೀಸದ್ದಲ್ಲ, ರಾಳದ್ದು. ಅದು ಉಸಿರಾಟದ ನಾಳಗಳನ್ನು ಕೆರಳಿಸಿ ಆಸ್ತಮಾಕ್ಕೆ ಕಾರಣವಾಗಬಲ್ಲದು. ಕಿಟಕಿ ತೆರೆದು, ಹೊಗೆ ಮುಖಕ್ಕೆ ಬಾರದಂತೆ ಕುಳಿತುಕೊಳ್ಳಬೇಕು. ಬೆಟ್ಟಗಳಿಗಾಗಿ ಥರ್ಮೋಕೋಲನ್ನು ಕಾದ ತಂತಿಯಿಂದ ಕೊಯ್ಯುವಾಗಲೂ ಇದೇ ನಿಯಮ.

ಸುಟ್ಟ ಗಾಯವಾದರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ತುಪ್ಪವನ್ನಾಗಲಿ ಟೂತ್‌ಪೇಸ್ಟನ್ನಾಗಲಿ ಹಚ್ಚಬಾರದು. ಗುಂಡಿಯಾಕಾರದ ಬ್ಯಾಟರಿ, ಪುಟ್ಟ ಅಯಸ್ಕಾಂತಗಳು ಎಳೆಯ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆಂಬ ಸಂದೇಹ ಬಂದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು; ಬ್ಯಾಟರಿಯು ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡಬಲ್ಲದು. ನಲವತ್ತು ದಾಟಿದವರು ಸಮೀಪದೃಷ್ಟಿಯ ಕೆಲಸಕ್ಕೆ ತಕ್ಕ ಕನ್ನಡಕವನ್ನು ಧರಿಸಿ, ಆಗಾಗ ದೂರಕ್ಕೆ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಹಲಗೆಯು ಮೊಣಕೈಯ ಮಟ್ಟದಲ್ಲಿದ್ದರೆ ಬೆನ್ನು ನೋಯುವುದಿಲ್ಲ.

ಕೆಲಸದ ಕ್ರಮ

ಮೊದಲು ವೆಚ್ಚದ ಮಿತಿಯನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಹಲಗೆ, ಹಳಿ, ನಿಯಂತ್ರಕ, ಒಂದು ಒಳ್ಳೆಯ ಇಂಜಿನ್ನು, ಎರಡು ಬೋಗಿಗಳು, ಇಷ್ಟೇ ಮೊದಲ ಪಟ್ಟಿ. ಮಾರ್ಗವನ್ನು ಹಾಸಿ, ಗಾಡಿ ಹಳಿ ತಪ್ಪದೆ ಇಪ್ಪತ್ತು ಸುತ್ತು ಸುತ್ತಿದ ಮೇಲೆಯೇ ಹಳಿಯನ್ನು ಭದ್ರವಾಗಿ ಕೂಡಿಸಬೇಕು. ಅನಂತರ ನಿಲ್ದಾಣ, ಬೆಟ್ಟ, ಮರಗಳು. ಹಳಿಯ ಮೇಲಿನ ಮಸಿಯನ್ನು ವಿದ್ಯುತ್ತು ನಿಲ್ಲಿಸಿ ಬಟ್ಟೆಯಿಂದ ಒರೆಸಬೇಕು. ಒರಟಾದ ಉಜ್ಜುಕಾಗದದಿಂದ ಗೀರುಗಳು ಬಿದ್ದು ಮತ್ತಷ್ಟು ಕೊಳೆ ಕೂಡುತ್ತದೆ. ತಂದೆ ತಾಯಿಯರು ಬೆಸುಗೆಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಅಳತೆ, ಬಣ್ಣ, ವೇಳಾಪಟ್ಟಿಗಳನ್ನು ಮಕ್ಕಳಿಗೆ ವಹಿಸಲಿ. ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ಬರೆಯುವ ಕೆಲಸವೂ ಅವರದೇ ಆಗಲಿ. ಪುಣೆಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಲೋಂಡಾ, ಧಾರವಾಡ, ಅರಸೀಕೆರೆ ಎಂಬ ಅಕ್ಷರಗಳ ಅಭ್ಯಾಸವೂ ಇದರಿಂದ ಆಗುವುದು.