ಏರಿಯಾ ಹುಡುಗನ ಕೈ ಹಿಡಿಯಲು ಹೊರಟವರಿಗೆ ಕಿವಿಮಾತು

ನಮ್ಮ ಬೆಂಗಳೂರಿನ ಗಲ್ಲಿಗಳಲ್ಲಿ ಹುಡುಗರನ್ನು ಗ್ಯಾಂಗಿಗೆ ಎಳೆಯಲು ದೊಡ್ಡದೇನೂ ಬೇಕಿಲ್ಲ. ಒಂದು ಪ್ಲೇಟ್ ಬಿರಿಯಾನಿ, ಗಾಡಿಗೆ ನೂರು ರೂಪಾಯಿ ಪೆಟ್ರೋಲ್, ಹೆಸರು ಹಿಡಿದು ಕರೆಯುವ ಒಬ್ಬ 'ಅಣ್ಣ', ಇಷ್ಟು ಸಾಕು. ಅಂಥ ಒಬ್ಬನಿಗಾದರೂ ಆಸರೆಯಾಗಬೇಕು ಅಂತ ನೀವು ಹೊರಟಿದ್ದೀರಿ, ಸಂತೋಷ. ಆದರೆ ಇವಿಷ್ಟು ಮರೆಯಬೇಡಿ.

• ಬರುತ್ತೇನೆ ಅಂದ ದಿನ ಹೋಗಿ. ಆಗದಿದ್ದರೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿ. ಮಾತು ತಪ್ಪುವ ದೊಡ್ಡವರನ್ನು ಅವನು ಬೇಕಾದಷ್ಟು ನೋಡಿದ್ದಾನೆ.

• ಭಾನುವಾರ ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ, ಮಲಗಿರುತ್ತಾನೆ. ಕೆಲಸದ ದಿನ ಸಂಜೆ ಆರರ ಮೇಲೆ ಹೋಗಿ. ಅಮ್ಮ ಗಾರ್ಮೆಂಟ್ಸಿನಿಂದ ಬಂದಿರುವುದಿಲ್ಲ, ಒಲೆ ಹಚ್ಚಿರುವುದಿಲ್ಲ, ಹುಡುಗ ಟೀ ಅಂಗಡಿ ಮುಂದೆ ನಿಂತಿರುತ್ತಾನೆ. ಅಣ್ಣನ ಕಡೆಯವರು ಬರುವುದೂ ಆಗಲೇ.

• ಮೊದಲು ಹೊಟ್ಟೆಗೆ ಹಾಕಿ, ಬುದ್ಧಿ ಆಮೇಲೆ ಹೇಳಿ. ಹಸಿದವನ ಕಿವಿಗೆ ಏನೂ ಇಳಿಯುವುದಿಲ್ಲ.

• ಕೈಗೆ ದುಡ್ಡು ಕೊಡಬೇಡಿ. ಫೀಸು ನೀವೇ ಹೋಗಿ ಕಟ್ಟಿ, ಬಸ್ ಪಾಸ್ ಮಾಡಿಸಿ. ನೋಟು ಜೇಬಿನಲ್ಲಿದ್ದರೆ ಸ್ನೇಹಿತರೆಲ್ಲ ಪಾಲಿಗೆ ಬರುತ್ತಾರೆ.

• ಹೊಸ ಮೊಬೈಲು, ಹೊಸ ಶೂ ಕಂಡರೆ ಯಾರು ಕೊಡಿಸಿದರು ಅಂತ ಮೆಲ್ಲಗೆ ಕೇಳಿ. ಪುಕ್ಕಟೆ ಸಿಕ್ಕಿತು ಅಂದುಕೊಂಡಿರುತ್ತಾನೆ, ಪಾಪ. ಒಂದು ರಾತ್ರಿ ಅಣ್ಣ ಬಂದು 'ಈ ಬ್ಯಾಗ್ ಇಟ್ಕೊಂಡಿರು, ನಾಳೆ ತಗೋತೀನಿ' ಅನ್ನುತ್ತಾನೆ. ಅಷ್ಟು ಋಣ ಮೈಮೇಲಿದ್ದಾಗ ಆಗಲ್ಲ ಅನ್ನಲು ಬಾಯಿ ಬರುವುದಿಲ್ಲ. ಆ ಮೊಬೈಲು, ಶೂ ಬೇಗ ವಾಪಸ್ ಕೊಡಿಸಿ. ಅವನೊಬ್ಬನನ್ನೇ ಕಳಿಸಬೇಡಿ, ಮನೆಯ ಹಿರಿಯರು ಜೊತೆಗಿರಲಿ.

• ಅಣ್ಣನನ್ನು ಬೈಯಬೇಡಿ. ಬೈದರೆ ಹುಡುಗ ಅವನ ಪರ ನಿಲ್ಲುತ್ತಾನೆ. ಕಾನೂನು ಮಾತ್ರ ಬಿಡಿಸಿ ಹೇಳಿ. 'ನಿಂಗೆ ಹದಿನೆಂಟಾಗಿಲ್ಲ, ಏನೂ ಆಗಲ್ಲ' ಅಂತ ತಲೆಗೆ ತುಂಬಿರುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 16 ತುಂಬಿದವನ ಮೇಲೆ ಕೊಲೆಯಂಥ ಘೋರ ಆರೋಪ ಬಂದರೆ, ದೊಡ್ಡವರ ಹಾಗೆಯೇ ವಿಚಾರಣೆ ನಡೆಯಬಹುದು. ಮಕ್ಕಳನ್ನು ಇಂಥ ಕೆಲಸಕ್ಕೆ ಬಳಸಿದ ದೊಡ್ಡವರಿಗೆ ಅದೇ ಕಾಯ್ದೆಯಲ್ಲಿ 7 ವರ್ಷದವರೆಗೆ ಕಠಿಣ ಜೈಲು, 5 ಲಕ್ಷ ರೂಪಾಯಿ ದಂಡ ಇದೆ. ಹುಡುಗನಿಗೆ ಇದೂ ಗೊತ್ತಿರಲಿ.

• ಲಾಂಗ್ ಹಿಡಿದು ರೀಲ್ಸ್ ಮಾಡುವುದು, ಮಚ್ಚಿನಲ್ಲಿ ಬರ್ತ್‌ಡೇ ಕೇಕ್ ಕತ್ತರಿಸುವುದು ತಮಾಷೆಯಲ್ಲ ಅಂತ ತಿಳಿಸಿ. ಅಂಥ ವಿಡಿಯೋ ನೋಡಿಯೇ ಪೊಲೀಸರು ಕೇಸು ಹಾಕಿದ್ದಾರೆ. ಹುಟ್ಟಿದ ದಿನ ನೀವೇ ಒಂದು ಕೇಕ್ ತನ್ನಿ.

• ಹದಿನೆಂಟರೊಳಗಿನವನಿಗೆ ಬೈಕ್ ಕೀ ಕೊಡಬೇಡಿ. ಸಿಕ್ಕಿಬಿದ್ದರೆ ತಂದೆತಾಯಿಗೂ ಗಾಡಿ ಮಾಲೀಕರಿಗೂ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ 2019ರಿಂದ ಕಾನೂನಿದೆ. ಆ ಬಡಮನೆಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು!

• ಟಿ.ಸಿ., ಮಾರ್ಕ್ಸ್ ಕಾರ್ಡ್, ಆಧಾರ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಜೆರಾಕ್ಸ್ ನಿಮ್ಮ ಮನೆಯಲ್ಲಿಡಿ. ಮಳೆಗೆ ಸೋರುವ ಮನೆಗಳವು, ಕಾಗದ ಉಳಿಯುವುದಿಲ್ಲ. ನಾಳೆ ವಯಸ್ಸಿನ ಪ್ರಶ್ನೆ ಬಂದರೆ ಮೊದಲು ಕೇಳುವುದು ಶಾಲೆಯ ದಾಖಲೆಯನ್ನೇ.

• ಪೊಲೀಸರು ಕರೆದೊಯ್ದರೆ ಗಾಬರಿಯಾಗಿ ಮನೆಯಲ್ಲೇ ಕೂರಬೇಡಿ, ಆ ಕವರ್ ಹಿಡಿದು ಸ್ಟೇಷನ್ನಿಗೆ ಓಡಿ. ಹದಿನೆಂಟರೊಳಗಿನವನನ್ನು ಲಾಕಪ್ಪಿನಲ್ಲಿಡುವ ಹಾಗಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳಿಗೆ ಕಾನೂನು ನೆರವು ಉಚಿತ, 15100ಕ್ಕೆ ಫೋನ್ ಮಾಡಿ. ಮಗುವಿಗೆ ಅಪಾಯವಿದ್ದರೆ 1098. ಎರಡೂ ನಂಬರ್ ಇವತ್ತೇ ಬರೆದಿಟ್ಟುಕೊಳ್ಳಿ.

• ಗಣೇಶನ ಹಬ್ಬಕ್ಕೆ ಚಂದಾ ಎತ್ತುವಾಗ ಲೆಕ್ಕದ ಪುಸ್ತಕ ಅವನ ಕೈಗೇ ಕೊಡಿಸಿ. ಚಂದಾ ಹೆಸರಿನಲ್ಲಿ ಹೆದರಿಸಿ ವಸೂಲಿ ಮಾಡುವುದನ್ನು ಹುಡುಗರು ಕಲಿಯುವುದು ಅಲ್ಲೇ. ಲೆಕ್ಕ ಬರೆದವನಿಗೆ ಜವಾಬ್ದಾರಿ ಬರುತ್ತದೆ.

• ಎಸ್ಎಸ್ಎಲ್‌ಸಿ ಫೇಲಾದ ಅಂತ ಕೈ ಬಿಡಬೇಡಿ. ಎಂಟನೇ ಕ್ಲಾಸ್ ಪಾಸಾಗಿದ್ದರೂ ಐಟಿಐನಲ್ಲಿ ವೆಲ್ಡರ್ ಕೆಲಸ ಕಲಿಯಬಹುದು.

• ಕೆಲಸಕ್ಕೆ ಸೇರಿಸಿ ಸುಮ್ಮನಾಗಬೇಡಿ, ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಹೋಗಿ ವಿಚಾರಿಸಿ. ಸಂಬಳ ಕಡಿಮೆ, ಮೇಸ್ತ್ರಿಯ ಬೈಗುಳ ಜಾಸ್ತಿ. ಅಣ್ಣ ಒಂದು ಸಂಜೆಗೆ ಕೊಡುವ ದುಡ್ಡು ಆಗಲೇ ನೆನಪಾಗುವುದು. ಮೊದಲ ಸಂಬಳ ಅಮ್ಮನ ಕೈಗೆ ಕೊಡಿಸಿ, ಅದರಲ್ಲಿ ಅವನಿಗೂ ಒಂದು ಜೊತೆ ಚಪ್ಪಲಿ ತೆಗೆಸಿ.